ಮೇಣದ ಭಾಗವ್ವ

“ಹಿಟ್ಟಿನ ಡಬ್ಬಿ?”

“ಬೋರಲ ಹಾಕಿ ನೋಡೇನ್ರಿ.”

“ತಲಿದಿಂಬು?”

“ಹರದು ಅರಳಿ ಎಲ್ಲಾ ತಗದೆ. ದೇವರ ಫೋಟೋದ ಹಿಂದನೂ ನೋಡೇನಿ. ಕಾಗದ ಇಲ್ರಿ ಸಾವಕಾರ್ರ.”

ಬಿಲ್ಡರ್ ಕಂಠೆಪ್ಪ ತನ್ನ ಮೇಸ್ತ್ರಿ ಬಾಳುವನ್ನು ಕಣ್ಣಲ್ಲೇ ಸುಟ್ಟ. ಒಬ್ಬ ಮುದುಕಿ, ಒಂದು ಖೋಲಿ, ಒಂದು ಕಾಗದ. ಅಷ್ಟನ್ನು ಹುಡುಕಲಾಗದವನು ಮೇಸ್ತ್ರಿಯಂತೆ!

ಆ ಕಾಗದ ಬರೆದುಕೊಟ್ಟವನು ಕಂಠೆಪ್ಪನೇ. ಹದಿನೆಂಟು ವರ್ಷದ ಹಿಂದೆ ಬಿಜಾಪುರದ ಕಡೆಯಿಂದ ಬರಿಗೈಯಲ್ಲಿ ಗೋವಾಕ್ಕೆ ಬಂದು ಮೊದಲ ಗುತ್ತಿಗೆ ಹಿಡಿದಾಗ ಆಳುಗಳು ಕೈಕೊಟ್ಟಿದ್ದರು. ಸುರಿವ ಮಳೆಯಲ್ಲಿ ಇಟ್ಟಿಗೆ ಹೊತ್ತು ಅವನ ಮಾನ ಉಳಿಸಿದವಳು ಭಾಗವ್ವ. “ಅಕ್ಕಾ, ಚಿಂಬಲ್‌ದಾಗಿನ ಈ ಖೋಲಿ ನೀ ಇರೂತನಕ ನಿಂದ” ಎಂದು ಕಣ್ಣೊರೆಸಿಕೊಳ್ಳುತ್ತ ಸ್ಟಾಂಪ್ ಕಾಗದಕ್ಕೆ ಸಹಿ ಹಾಕಿದ್ದ. ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಈಗ ಅಲ್ಲಿ ಏಳು ಮಹಡಿ ಏಳಬೇಕಿತ್ತು. ಉಳಿದವರೆಲ್ಲ ಖಾಲಿ ಮಾಡಿದರು. ಭಾಗವ್ವ ಮಾತ್ರ ಕೋರ್ಟಿಗೆ ಹೋದಳು. ಸೋಮವಾರ ಅಸಲು ಕಾಗದ ತಂದು ತೋರಿಸು ಎಂದಿತು ಕೋರ್ಟು. ತೋರಿಸದಿದ್ದರೆ ಮಂಗಳವಾರ ಬೆಳಿಗ್ಗೆ ಖೋಲಿಯ ಮುಂದೆ ಜೆಸಿಬಿ.

“ಕಾಗದದ ಚಿಂತೆ ಬಿಡಿ,” ಎಂದ ಅವನ ವಕೀಲ. “ಪೇಪರಿನವರು ಅಜ್ಜಿಯ ಕಡೆ ವಾಲುತ್ತಿದ್ದಾರೆ. ಮೊದಲು ನಿಮ್ಮ ಹೆಸರು ಚೆನ್ನಾಗಿ ಮಾಡಿಕೊಳ್ಳಿ.”

ದಾರಿ ತೋರಿಸಿದವಳು ಹೆಂಡತಿ ಶೈಲಾ. ದಿಲ್ಲಿಯಿಂದ ಬಂದ ಕಲಾವಿದೆ ಸಿಮ್ರನ ಪಣಜಿಯಲ್ಲಿ ಪ್ರದರ್ಶನ ಇಟ್ಟಿದ್ದಳು; ಶೈಲಾ ಗಂಡನನ್ನು ಅಲ್ಲಿಗೆ ಕರೆದೊಯ್ದಳು. ಎಲ್ಲವೂ ಚಿಂಬಲ್‌ನ ಕೂಲಿಕಾರರ ಮುಖಗಳು, ಅದೂ ಮೇಣದಲ್ಲಿ. ಜೇನುಮೇಣವನ್ನು ಒಲೆಯ ಮೇಲೆ ಕರಗಿಸಿ, ಬಣ್ಣ ಬೆರೆಸಿ, ಹಲಗೆಗೆ ಬಳಿಯುತ್ತಿದ್ದಳು. ಅದು ಆರುವ ಮೊದಲೇ ಅವರವರ ಸಾಮಾನನ್ನು ಅದರಲ್ಲಿ ಒತ್ತಿ, ಮೇಲೆ ಮತ್ತೆ ಮೇಣ ಹೊಯ್ದು, ಬಿಸಿ ಇಸ್ತ್ರಿಯಿಂದ ಸವರುತ್ತಿದ್ದಳು. ಒಂದು ಮುಖದ ಕೆಳಗೆ ಸಿಮೆಂಟ್ ಚೀಲ, ಇನ್ನೊಂದರ ಕೆಳಗೆ ಹರಿದ ಚಪ್ಪಲಿ. “ಬಣ್ಣ ಸುಳ್ಳು ಹೇಳುತ್ತದೆ, ವಸ್ತು ಹೇಳುವುದಿಲ್ಲ” ಎಂದಳು ಹಿಂದಿಯಲ್ಲಿ. ಎಲ್ಲರೂ ತಲೆದೂಗಿದರು. ಕಂಠೆಪ್ಪ ಎರಡು ಸಲ ಹೆಚ್ಚಿಗೆ ದೂಗಿದ.

ಐದನೆಯ ಚಿತ್ರದ ಮುಂದೆ ಅವನ ಕಾಲು ನಿಂತಿತು. ಭಾಗವ್ವ! ಮೇಣದ ಸುಕ್ಕು, ಮೇಣದ ನಗೆ. ಟೊಂಕದಲ್ಲಿ ಮಾತ್ರ ನಿಜವಾದ ಎಲೆ ಚಂಚಿ. ಬಾಯಿ ಹೊಲಿದ ಆ ಬಟ್ಟೆಯ ಚೀಲವನ್ನು ಹಾಗೇ ಅಂಟಿಸಿ ಮೇಲೆ ಮೇಣ ಹೊಯ್ದಿದ್ದಳು ಸಿಮ್ರನ. ಕಂಠೆಪ್ಪನ ಅವ್ವನಿಗೂ ಇಂಥದೇ ಚಂಚಿ ಇತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅವನಿಗೆ ಪೆಪ್ಪರಮಿಂಟು, ಬೇಡಿದ್ದೆಲ್ಲ ಅದರಿಂದಲೇ ಬರುತ್ತಿತ್ತು. ಅವನ ಕಣ್ಣು ತೇವವಾಯಿತು. ಸುಳ್ಳೇಕೆ, ಆ ಗಳಿಗೆಯಲ್ಲಿ ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಕಣ್ಣು ಒರೆಸಿಕೊಂಡ ಮೇಲೆ, ಇದನ್ನು ಕೊಂಡರೆ ಪೇಪರಿನಲ್ಲಿ ಫೋಟೋ ಬರುತ್ತದೆ ಎಂಬುದೂ ಹೊಳೆಯಿತು.

ಸಿಮ್ರನ ಕರೆಸಿದ್ದ ನಿಜವಾದ ಭಾಗವ್ವ ಮೂಲೆಯಲ್ಲಿ ಹಾಲಿನ ಖಾಲಿ ಪಾಕೀಟಿನಿಂದ ಎಲೆ ತೆಗೆದು ಸುಣ್ಣ ಹಚ್ಚಿಕೊಳ್ಳುತ್ತಿದ್ದಳು.

“ಅಕ್ಕಾ, ನಿನ್ನ ನಾನ ಮನಿಗೆ ಒಯ್ಯತೇನಿ!” ಎಂದ ಕಂಠೆಪ್ಪ, ಕ್ಯಾಮೆರಾ ಇದ್ದ ಕಡೆ ಮುಖ ಮಾಡಿ. ಹದಿನೆಂಟು ವರ್ಷದ ಮೇಲೆ ಬಾಯಿಂದ ‘ಅಕ್ಕಾ’ ಬಂದಿತ್ತು.

ಭಾಗವ್ವ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು.

“ಒಯ್ರಿ ಸಾವಕಾರ್ರ. ನನ್ನ ಖೋಲ್ಯಾಗ ಏನಿಟ್ಟರೂ ಉಳಿಯೂದಿಲ್ಲ. ಆದರ ಬಿಸಲಿಗಿ ಇಡಬ್ಯಾಡ್ರಿ, ಮೇಣ ಐತಿ. ಜ್ವಾಕಿ.”

ಜೋಕೆಗೆ ಏನು ಕಡಿಮೆ? ಚಿತ್ರಕ್ಕೆಂದೇ ಒಂದು ಕೋಣೆಗೆ ಏಸಿ ಹಾಕಿಸಿದ. ಕಿಟಕಿಗೆ ದಪ್ಪ ಪರದೆ, ಬಾಗಿಲಿಗೆ ಹೊಸ ಬೀಗ, ಕಾವಲಿಗೆ ಬಾಳು. “ನಿಮ್ಮವ್ವಗೂ ಇಷ್ಟು ಮಾಡಿರಲಿಲ್ಲ ನೀವು” ಎಂದು ಶೈಲಾ ಚುಚ್ಚಿದಳು. ಅತ್ತ ಬಾಳುವಿನ ಆಳುಗಳು ಭಾಗವ್ವನ ಖೋಲಿಯನ್ನು ಇನ್ನೊಮ್ಮೆ ಜಾಲಾಡಿ, ಈ ಸಲ ನೆಲವನ್ನೂ ಅಗೆದು ಬಂದರು. ಸಿಕ್ಕಿದ್ದು ಒಂದು ತೂತಿನ ದುಡ್ಡು.

ಭಾನುವಾರ ಸಂಜೆ ಮನೆಯಲ್ಲೇ ಚಿತ್ರದ ಅನಾವರಣ. ಪೇಪರಿನವರು, ಟಿವಿಯವರು, ಸಾಂಖಳಿಯಿಂದ ಬಂದ ಬೀಗರು. ಮೇಣ ಹೇಗೆ ಇಸ್ತ್ರಿಯ ಮಾತು ಕೇಳುತ್ತದೆಂದು ಎಲ್ಲರೆದುರು ತೋರಿಸಲು ಸಿಮ್ರನ ಇಸ್ತ್ರಿಯ ಸಮೇತ ಬಂದಿದ್ದಳು. ಕಂಠೆಪ್ಪ ಭಾಗವ್ವನನ್ನು ತನ್ನ ಕಾರಿನಲ್ಲೇ ಕರೆಸಿ, ಕೈಹಿಡಿದು ಇಳಿಸಿ, ಶಾಲು ಹೊದಿಸಿದ. ನಾಳೆ ಈ ಹೊತ್ತಿಗೆ ಅವಳ ಕೇಸು ಮುಗಿದಿರುತ್ತದೆಂದು ನೆನೆದಾಗ ಅವನ ದನಿ ಇನ್ನಷ್ಟು ಮೆತ್ತಗಾಯಿತು.

“ಇದು ಬರೇ ಚಿತ್ರ ಅಲ್ರಿ, ನಮ್ಮ ಅಕ್ಕ,” ಎಂದು ಪರದೆ ಸರಿಸಿದ. ಚಪ್ಪಾಳೆ ಬಿತ್ತು. “ಬರ್ರಿ, ಚಂಚಿ ಮುಟ್ಟಿ ನೋಡ್ರಿ. ಹೊರಗ ಮೇಣ, ಒಳಗ ಎಲ್ಲಾ ಖರೇ! ನಾ ಏನ ಮಾಡಿದರೂ ಖರೇದ್ದ ಮಾಡಾಂವ.”

ಎಲ್ಲರೂ ಮುಟ್ಟಿದರು. ಹುಬ್ಬಳ್ಳಿ ಕಡೆಯ ಟಿವಿ ವರದಿಗಾರ್ತಿ ಶಮಶಾದ ಬೆರಳಿಂದ ಮೆಲ್ಲಗೆ ಒತ್ತಿ, ಮೈಕನ್ನು ಭಾಗವ್ವನ ಬಾಯಿಗೆ ಹಿಡಿದಳು. “ಅಜ್ಜಿ, ಒಳಗ ಏನೋ ಕೈಗೆ ಹತ್ತತೈತಿ. ಎಲಿ-ಅಡಿಕಿ ಇನ್ನೂ ಅದಾವೇನ್ರಿ?”

ಕ್ಯಾಮೆರಾಗಳೆಲ್ಲ ಅತ್ತ ಹೊರಳಿದವು. ಸಿಮ್ರನಳ ಇಸ್ತ್ರಿ ಕಾದಿತ್ತು. ಭಾಗವ್ವ ಹಾಲಿನ ಪಾಕೀಟನ್ನು ಎತ್ತಿ ತೋರಿಸಿದಳು.

“ಎಲಿ-ಅಡಿಕಿ ಇದರಾಗ ಅದಾವ, ತಂಗಿ. ಅದರಾಗ ಸಾವಕಾರ್ರು ಸಹಿ ಮಾಡಿಕೊಟ್ಟ ಖೋಲಿ ಕಾಗದ ಐತಿ. ಆ ಚಿತ್ರದ ಬಾಯಾರಿಗೆ ಇಸ್ತ್ರಿ ಇತ್ತಾಗ ಹಿಡೀಲಾಕ ಹೇಳು, ನಾಳೆ ಕೋರ್ಟಿಗೆ ಒಯ್ಯಬೇಕು.”