ಎರಡಿಂಚು ಎತ್ತರ

ಜಜ್ಜಿಹೋದ ಕಾರಿನ ಅಡಿಯಿಂದ ಮೆಕ್ಯಾನಿಕ್ ಈಚೆ ಬಂದ. ಕಾರಿನವನು ಒಂದು ಕೈಗೆ ಕಟ್ಟು ಹಾಕಿಸಿಕೊಂಡು ಅಲ್ಲೇ ನಿಂತಿದ್ದ. ಹತ್ತು ದಿನಗಳ ಹಿಂದೆ ಘಾಟಿಯ ತಿರುವಿನಲ್ಲಿ ಇದೇ ಕಾರು ಮಗುಚಿ ಅವನ ನಾಲ್ಕು ವರ್ಷದ ಮಗಳು ತೀರಿಕೊಂಡಿದ್ದಳು.

"ತಪ್ಪು ಓಡಿಸಿದವರದಾ, ಗಾಡಿದಾ? ಅದೊಂದು ಹೇಳಿ ಸಾಬ್ರೇ."

"ಗಾಡಿದೇ. ಸ್ಪ್ರಿಂಗಿಗೆ ರಬ್ಬರ್ ತುರುಕಿ ಎರಡಿಂಚು ಎತ್ತಿದ್ದಾರೆ. ಹಂಗೆ ಎತ್ತಿದ್ರೆ ತಿರುವಲ್ಲಿ ಬಾಡಿ ಜಾಸ್ತಿ ವಾಲುತ್ತೆ, ಒಳಗಡೆ ಚಕ್ರ ನೆಲ ಬಿಡುತ್ತೆ. ಆಮೇಲೆ ಎಂಥಾ ಡ್ರೈವರಿದ್ರೂ ಅಷ್ಟೇ. ಸ್ಟೇರಿಂಗ್ ಹಿಡಿದಿದ್ದ ನಿಮ್ಮ ತಪ್ಪೇನಿಲ್ಲ ಸಾರ್. ಯಾವ ಬೇಕೂಫ ಮಾಡಿಸಿದ್ದು ಇದನ್ನ?"

"ರೋಡ್ ಹಂಪ್‌ಗಳಿಗೆಲ್ಲಾ ತಳ ತಾಗ್ತಿತ್ತು. ನಾನೇ ಮಾಡಿಸಿದೆ."

ಮೆಕ್ಯಾನಿಕ್ ಬಹಳ ಹೊತ್ತು ಕೈ ಒರೆಸಿಕೊಂಡ. "ಹೋಗ್ಲಿ ಬಿಡಿ. ಗೊತ್ತಿಲ್ದೆ ಎಲ್ಲರೂ ಮಾಡಿಸ್ತಾರೆ."

"ಈಗ ಹೇಳಿದ್ದನ್ನ ಒಂದು ಹಾಳೆ ಮೇಲೆ ಬರೆದು ಸೈನ್ ಹಾಕಿ. ಮಾಡಿಸಿದವನ ಹೆಸರೂ ಇರಲಿ."

"ನಿಮ್ಮ ಮೈಮೇಲೆ ನೀವೇ ಎಳ್ಕೋತೀರಲ್ಲ! ಪೊಲೀಸರಿಗಾ?"

"ಅಲ್ಲ, ನನ್ನ ಹೆಂಡತಿಗೆ. ಓಡಿಸ್ತಿದ್ದದ್ದು ಅವಳು."