ನಾಲ್ಕನೇ ನಂಬರು

ಲಾಕಪ್ಪಿನಲ್ಲಾದ ಸಾವನ್ನು ಪತ್ರಿಕೆಗೆ ಮುಟ್ಟಿಸಿದ್ದು ಯಾರೆಂದು ಪತ್ತೆಹಚ್ಚಲು ಇನ್‌ಸ್ಪೆಕ್ಟರ್ ಸಾಹೇಬರು ಒಂದು ಘನಕಾರ್ಯ ಮಾಡಿದ್ದರು. ಕುರಿ ಕಳ್ಳತನದ ತನಿಖೆಗೆ ಫೋನ್ ಕರೆಗಳ ಪಟ್ಟಿ ಬೇಕೆಂದು ಮೇಲಧಿಕಾರಿಗೆ ಬರೆದ ಪತ್ರದಲ್ಲಿ, ಮೂವರು ಕಳ್ಳರ ನಂಬರುಗಳ ಕೆಳಗೆ ಆ ಸುದ್ದಿ ಬರೆದ ವರದಿಗಾರ್ತಿಯ ನಂಬರನ್ನೂ ತೂರಿಸಿದ್ದರು. ಇಂಥ ತಲೆ ಇಡೀ ಇಲಾಖೆಯಲ್ಲಿ ತಮಗೊಬ್ಬರಿಗೇ ಇರುವುದೆಂದು ಅವರ ನಂಬಿಕೆ.

ಠಾಣೆಗೆ ಕರೆಸಿಕೊಂಡು ಅವಳ ಮುಂದೆ ಪಟ್ಟಿ ಎಸೆದರು.

“ನೋಡಮ್ಮ, ನಿನಗೆ ಸುದ್ದಿ ಕೊಟ್ಟ ಪೇದೆ ಸಿಕ್ಕಿಬಿದ್ದ. ಹೋದ ವಾರವೇ ಸಸ್ಪೆಂಡ್ ಮಾಡಿಸಿದೆ. ಅವನೇ ತಾನೆ?”

“ಅವ್ರು ಮಗಳ ನಾಮಕರಣಕ್ಕೆ ಕರೆಯೋಕೆ ಫೋನ್ ಮಾಡಿದ್ರು ಸಾರ್.”

“ಕತೆ ಬೇಡ. ಇನ್ಮೇಲೆ ಈ ಠಾಣೆಯಿಂದ ಒಂದು ಚೀಟಿನೂ ಆಚೆ ಹೋಗಲ್ಲ, ತಿಳ್ಕೊ.”

ಅವಳು ಬ್ಯಾಗಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದು ಪಟ್ಟಿಯ ಮೇಲಿಟ್ಟಳು. ಕುರಿ ಕಳ್ಳತನದ ಅದೇ ಪತ್ರ. ನಾಲ್ಕನೆಯದು ಅವಳ ನಂಬರು, ಕೆಳಗೆ ಸಾಹೇಬರ ಉದ್ದನೆಯ ಸಹಿ.

“ಇದು ನಿನ್ನೆ ಕೈಗೆ ಸಿಕ್ತು ಸಾರ್. ನಾಳೆ ಮೊದಲ ಪುಟದಲ್ಲಿ ಬರುತ್ತೆ,” ಎಂದು ಪೆನ್ನು ತೆರೆದಳು. “ನಾನು ಎಷ್ಟು ಕುರಿ ಕದ್ದಿದೀನಿ ಅಂತ ಬರ್ಕೊಳ್ಳಲಿ?”