ಒಂಬತ್ತು ದಾರ

ಮೆಕಾಂಗ್ ದಡದ ಆಸ್ಪತ್ರೆಯ ನಲ್ಲಿಯ ಕೆಳಗೆ ಪಿಂಫಾ ತಂಗಿಯ ಬಲಗೈ ತೊಳೆಯುತ್ತಿದ್ದಳು. ಬೆರಳಿಗಂಟಿದ ಅನ್ನ ಬಿಡಿಸಿದಳು. ಮಣಿಕಟ್ಟಿನ ದಾರಗಳು ನೆನೆಯದಂತೆ ಮೇಲಕ್ಕೆ ಸರಿಸಿ ಹಿಡಿದಳು. ಏಳು ವರ್ಷದ ಮಾಲಿವನ್, ಆ ಕೈ ತನ್ನದಲ್ಲವೆಂಬಂತೆ, ಬೇರೆಲ್ಲೋ ನೋಡುತ್ತಿದ್ದಳು.

ಒಳಗೆ ಡಾಕ್ಟರಮ್ಮ ಶಾಲೆಯ ಚೀಟಿ ಓದಿದರು. ‘ಶುದ್ಧ ಸೋಮಾರಿ. ಪಾಠದ ಹೊತ್ತಿಗೆ ಮಲಗುತ್ತಾಳೆ. ಹೀಗೇ ಆದರೆ ಶಾಲೆ ಬಿಡಿಸಿ.’ ಹತ್ತು ವರ್ಷದ ಹಿಂದೆ ತನ್ನ ಬಗ್ಗೆ ಇಂಥದೇ ಮಾತು ಕೇಳಿ ಪಿಂಫಾ ಮೂರನೇ ತರಗತಿಗೇ ಮನೆ ಸೇರಿದ್ದಳು.

“ಬೆಳಿಗ್ಗೆ ಏಳೋಕೆ ಮೈ ಭಾರ ಅನ್ಸುತ್ತಾ ಪುಟ್ಟಿ?”

ಮಾಲಿವನ್ ಹೌದೆಂದು ತಲೆಯಾಡಿಸಿದಳು. ಪಕ್ಕದಲ್ಲಿ ಪಿಂಫಾಳ ತಲೆಯೂ ತಾನಾಗಿ ಆಡಿತು. ಮಗು ಅದನ್ನು ನೋಡಿತು.

“ಆಟಾನೂ ಬೇಡ್ವಾ?”

ಮತ್ತೆ ಎರಡೂ ತಲೆ ಆಡಿದವು.

“ಯಾವಾಗಿಂದ ಹೀಗೆ?” ಡಾಕ್ಟರಮ್ಮ ಪಿಂಫಾಳನ್ನು ಕೇಳಿದರು.

ಪಿಂಫಾ ತಂಗಿಯ ಕೈ ಮೇಜಿನ ಮೇಲಿಟ್ಟಳು. “ಇವಳ ಜೀವ ಎಲ್ಲೋ ಓಡಿಹೋಗಿದೆ ಅಂತ ಅಜ್ಜಿ ಪ್ರತಿಸಲ ಅದನ್ನ ವಾಪಸ್ ಕರೆದು ಕರೆದು ಒಂದೊಂದು ದಾರ ಕಟ್ತಾರೆ. ಈ ಕಪ್ಪಾಗಿರೋದು ದೋಣಿ ಹಬ್ಬ ಆದ ವಾರದ್ದು, ಹೊಟ್ಟೆನೋವು ಅಂತ ಎದ್ದೇ ಇಲ್ಲ. ಇದು ಭತ್ತ ಕುಯ್ಯೋವಾಗ, ಸುಮ್ನೆ ಪುಸ್ತಕ ಹರಿದ್ಲು. ಇದು...” ಕೊನೆಯ ದಾರ ಇನ್ನೂ ಬೆಳ್ಳಗಿತ್ತು. “ಮೊನ್ನೇದು. ‘ನಾನಿಲ್ದಿದ್ರೆ ನನ್ ಪಾಲಿನ ಅನ್ನ ಉಳಿಯುತ್ತಲ್ಲಕ್ಕಾ’ ಅಂದ್ಲು.”

ಡಾಕ್ಟರಮ್ಮ ಒಂಬತ್ತು ದಾರವನ್ನೂ ಬೆರಳಿಂದ ಮುಟ್ಟಿ ನೋಡಿದರು. “ನಿಮ್ಮಜ್ಜಿ ನನ್ ಕೆಲಸಕ್ಕೇ ಕುತ್ತು ತಂದ್ರಲ್ಲಮ್ಮ! ನಾಲ್ಕು ತಿಂಗಳ ಲೆಕ್ಕ ಇಟ್ಟಿದ್ದಾರೆ. ಇದು ಸೋಮಾರಿತನ ಅಲ್ಲ, ಕಾಯಿಲೆ. ಮನಸ್ಸಿಗೆ ಬಂದಿರೋದು. ಮಕ್ಕಳಿಗೂ ಬರುತ್ತೆ. ಅವು ಅಳೋಲ್ಲ, ಹೊಟ್ಟೆನೋವು ಅಂತಾವೆ ಅಷ್ಟೆ.”

“ವಾಸಿ ಆಗುತ್ತಾ?”

“ಆಗುತ್ತೆ. ಪ್ರತಿ ವಾರ ಕರ್ಕೊಂಡು ಬಾ. ಒಬ್ಬಳನ್ನೇ ಬಿಡ್ಬೇಡ. ಟೀಚರಿಗೆ ನಾನು ಬರೀತೀನಿ.”

“ಶಾಲೆ...”

“ಯಾಕ್ ಬಿಡಿಸ್ತೀಯ? ದಾರಾನೂ ಬಿಚ್ಬೇಡ.”

ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟಂತಾಯಿತು. ಪಿಂಫಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಕಣ್ಣಿಗೆತ್ತಿದ ಕೈಯ ಅಂಗಿತೋಳು ಮೇಲೆ ಸರಿದು ಮಣಿಕಟ್ಟು ಕಂಡಿತು. ಒಂದು ದಾರವೂ ಇಲ್ಲದೆ ಬರಿದು.

ಮಾಲಿವನ್ ಅದನ್ನು ಹಿಡಿದುಕೊಂಡಳು. ಆ ದಿನ ಅವಳಾಡಿದ ಮೊದಲ ಮಾತು ಅದು:

“ಡಾಕ್ಟ್ರೇ, ನಮ್ಮಕ್ಕನ್ನೂ ನೋಡಿ.”